ಹಾಸನದ ವಿದೇಶ ಶಿಕ್ಷಣ ಕನ್ಸಲ್ಟೆನ್ಸಿ: ಕಾಗದಪತ್ರಕ್ಕೆ ಹೋಗಿ, ಆಯ್ಕೆಗೆ ಹೋಗಬೇಡಿ

ನಮ್ಮದು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ತೋಟ. ಮಗಳು ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಮುಗಿಸಿ, ಆಹಾರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮಾಡಲು 2025ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯಕ್ಕೆ ಹೊರಟಳು. ಅದಕ್ಕೂ ಮೊದಲು ಎಂಟು ತಿಂಗಳು ನಾವಿಬ್ಬರೂ ಹಾಸನದ ಬಿ.ಎಂ. ರಸ್ತೆಯ ಒಂದು ವಿದೇಶ ಶಿಕ್ಷಣ ಕನ್ಸಲ್ಟೆನ್ಸಿಯ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಆ ಕಚೇರಿಯ ಸೇವೆಯಲ್ಲಿ ಕಂಡ ಒಳಿತು ಕೆಡುಕು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಊರಿನಲ್ಲಿ ಇಂಥ ಕಚೇರಿಗಳು ಹಲವಿದ್ದು, ಅವುಗಳ ನಡೆಯೂ ಸರಿಸುಮಾರು ಇದೇ ಎಂಬುದನ್ನು ನಾಲ್ಕಾರು ಕಡೆ ವಿಚಾರಿಸಿ ತಿಳಿದುಕೊಂಡಿದ್ದೇನೆ.

ಮೊದಲ ಭೇಟಿಯಲ್ಲಿ ಕಚೇರಿಯ ಮುಖ್ಯಸ್ಥರು ಕಾಫಿ ತರಿಸಿ ಕೊಟ್ಟು, ನೋಂದಣಿಗೆ ಶುಲ್ಕವಿಲ್ಲ, ವಿಶ್ವವಿದ್ಯಾಲಯದ ಅರ್ಜಿಗೂ ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ ಎಂದರು. ಮಗಳ ಅಂಕಪಟ್ಟಿಯನ್ನು ತೆರೆದು ನೋಡುವ ಮೊದಲೇ ಏಳು ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಮುಂದಿಟ್ಟರು. ಅದರಲ್ಲಿ ನಾಲ್ಕು ಕೋರ್ಸುಗಳು ಮ್ಯಾನೇಜ್‌ಮೆಂಟಿಗೆ ಸೇರಿದವು, ಆಹಾರ ವಿಜ್ಞಾನ ಒಂದರಲ್ಲೂ ಇರಲಿಲ್ಲ. ಮಗಳು ರೆಡಿಂಗ್ ಹೆಸರನ್ನೂ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೃಷಿ ಮತ್ತು ಆಹಾರ ವಿಭಾಗಗಳಿರುವ ಸಟನ್ ಬೋನಿಂಗ್ಟನ್ ಕ್ಯಾಂಪಸ್ಸಿನ ಹೆಸರನ್ನೂ ಎತ್ತಿದಾಗ, "ಅಲ್ಲೆಲ್ಲ ತಡವಾಗುತ್ತಮ್ಮ, ಇವುಗಳಲ್ಲಾದರೆ ಒಂದೇ ವಾರದಲ್ಲಿ ಆಫರ್ ತರಿಸಿಕೊಡ್ತೀನಿ" ಎಂದರು.

ವಿದ್ಯಾರ್ಥಿಯಿಂದ ಹಣ ಪಡೆಯದ ಕಚೇರಿ ಬಾಡಿಗೆ, ಸಂಬಳಗಳನ್ನು ಎಲ್ಲಿಂದ ಕೊಡುತ್ತದೆ ಎಂಬ ಪ್ರಶ್ನೆ ನನಗೆ ಅಲ್ಲೇ ಹುಟ್ಟಿತು. ತೋಟದ ಬಾಗಿಲಿಗೆ ಬಂದು ಕಾಫಿ ಚೆರ್ರಿ ಕೊಳ್ಳುವ ಏಜೆಂಟ್ ಯಾರ ಪರವಾಗಿ ದರ ಹೇಳುತ್ತಾನೆಂಬುದನ್ನು ಮೂವತ್ತು ವರ್ಷಗಳಿಂದ ನೋಡಿದವನಿಗೆ ಇದು ಅರ್ಥವಾಗದ ಸಂಗತಿಯಲ್ಲ. ವಿದ್ಯಾರ್ಥಿಯೊಬ್ಬ ಸೇರಿಕೊಂಡರೆ ಆತನ ಮೊದಲ ವರ್ಷದ ಬೋಧನಾ ಶುಲ್ಕದಲ್ಲಿ ಒಂದು ಪಾಲನ್ನು ವಿಶ್ವವಿದ್ಯಾಲಯವೇ ಏಜೆಂಟರಿಗೆ ಕಮಿಷನ್ ಆಗಿ ಕೊಡುತ್ತದೆ. ಇದು ಬ್ರಿಟನ್ನಿನಲ್ಲಿ ಕಾನೂನುಬದ್ಧವಾದ, ಎಲ್ಲರೂ ಬಲ್ಲ ವ್ಯವಸ್ಥೆ. ಇದರಲ್ಲಿ ಕಳ್ಳತನವೇನೂ ಇಲ್ಲ. ಆದರೆ ಕಮಿಷನ್ ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ, ಏಜೆಂಟರ ಪಟ್ಟಿಯಲ್ಲಿ ಯಾವ ಹೆಸರು ಮೇಲೆ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದನ್ನು ವಿದ್ಯಾರ್ಥಿಯ ಹಿತವೊಂದೇ ತೀರ್ಮಾನಿಸುತ್ತದೆಂದು ನಂಬಿ ಕೂರುವುದು ತಂದೆತಾಯಿಗಳು ಮಾಡುವ ದೊಡ್ಡ ತಪ್ಪು. ನಾವು ಮನೆಗೆ ಬಂದು ಎರಡು ವಾರ ಕುಳಿತು ವಿಶ್ವವಿದ್ಯಾಲಯಗಳ ಜಾಲತಾಣಗಳನ್ನು ಓದಿದೆವು. 180 ಕ್ರೆಡಿಟ್‌ಗಳ ಒಂದು ವರ್ಷದ ಕೋರ್ಸಿನಲ್ಲಿ ಏನೇನು ಕಲಿಸುತ್ತಾರೆ, ಪ್ರಬಂಧಕ್ಕೆ ಎಷ್ಟು ಕ್ರೆಡಿಟ್, ಭಾರತದ ಪದವಿಗೆ ಎಷ್ಟು ಅಂಕ ಕೇಳುತ್ತಾರೆ ಎಂಬುದೆಲ್ಲ ಅಲ್ಲೇ ಇದೆ. ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯಕ್ಕೇ ನೇರವಾಗಿ ಅರ್ಜಿ ಹಾಕಬಹುದು ಎಂಬುದನ್ನು ಕಚೇರಿಯವರು ಒಮ್ಮೆಯೂ ಹೇಳಿರಲಿಲ್ಲ. ಅದು ಗೊತ್ತಾದದ್ದೂ ಆಗಲೇ. ಮತ್ತೆ ಹೋಗಿ, ರೆಡಿಂಗ್, ನಾಟಿಂಗ್‌ಹ್ಯಾಮ್ ಎರಡಕ್ಕಲ್ಲದೆ ಬೇರೆ ಯಾವುದಕ್ಕೂ ಅರ್ಜಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದ ಮೇಲೆ, ಅವರ ಮೂಲಕವೇ ಎರಡಕ್ಕೂ ಅರ್ಜಿ ಹೋಯಿತು.

ವಿದ್ಯಾರ್ಥಿವೇತನದ ವಿಷಯದಲ್ಲಿಯೂ ಅದೇ ಮೌನ. ಬ್ರಿಟಿಷ್ ಸರ್ಕಾರ ಕೊಡುವ ಚೀವ್ನಿಂಗ್ ಬಗ್ಗೆಯಾಗಲಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ಸರ್ಕಾರ ಕೊಡುವ ಪ್ರಬುದ್ಧ ವಿದ್ಯಾರ್ಥಿವೇತನದ ಬಗ್ಗೆಯಾಗಲಿ ಆ ಕಚೇರಿಯಲ್ಲಿ ಒಂದು ಭಿತ್ತಿಪತ್ರವೂ ಇರಲಿಲ್ಲ. ಚೀವ್ನಿಂಗಿಗೆ ಎರಡು ವರ್ಷದ ಕೆಲಸದ ಅನುಭವ ಬೇಕಾದ್ದರಿಂದ ನಮ್ಮ ಮಗಳಿಗೆ ಅದು ದಕ್ಕುತ್ತಿರಲಿಲ್ಲ ನಿಜ, ಆದರೆ ದಕ್ಕಬಹುದಾಗಿದ್ದ ಮಕ್ಕಳು ಅದೇ ಬೆಂಚಿನಲ್ಲಿ ನಮ್ಮ ಪಕ್ಕ ಕುಳಿತಿದ್ದರು.

ಅವರ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತರಗತಿ ಚೆನ್ನಾಗಿತ್ತು. ಒಂದು ಗಂಟೆಯಲ್ಲಿ ಎರಡು ಬರಹ ಮುಗಿಸುವ ಅಭ್ಯಾಸವನ್ನು ದಿನವೂ ಮಾಡಿಸಿದರು, ತಿದ್ದಿಯೂ ಕೊಟ್ಟರು. ಆ ಬಗ್ಗೆ ದೂರಿಲ್ಲ.

ಉದ್ದೇಶ ಪತ್ರ, ಅಂದರೆ ಎಲ್ಲರೂ ಎಸ್‌ಒಪಿ ಎನ್ನುವ ಬರಹ, ಬೇರೆಯದೇ ಕಥೆ. ಕಚೇರಿ ಸಿದ್ಧಪಡಿಸಿದ ಪ್ರತಿಯಲ್ಲಿ ನನ್ನ ಮಗಳಿಗೆ ಬಾಲ್ಯದಿಂದಲೂ ಆಹಾರ ವಿಜ್ಞಾನದಲ್ಲಿ ಅಪಾರ ಆಸಕ್ತಿ ಇತ್ತೆಂದೂ, ಬ್ರಿಟನ್ನಿನ ಶಿಕ್ಷಣ ವಿಶ್ವಮಾನ್ಯವೆಂದೂ ಬರೆದಿತ್ತು. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುವಂಥದ್ದು. ಅವಳು ಅದನ್ನು ಬದಿಗಿಟ್ಟು, ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದು ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿಗೆ ಬೂಷ್ಟು ಹಿಡಿದದ್ದನ್ನು, ನಾನು ಟಾರ್ಪಾಲು ಎಳೆಯುತ್ತಿದ್ದಾಗ ಅವಳು ಬೀಜಗಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿದ್ದನ್ನು, ಆ ಬೂಷ್ಟಿನಿಂದ ಕಾಫಿಯಲ್ಲಿ ಸೇರುವ ವಿಷಾಂಶದ ಬಗ್ಗೆ ಕಾಲೇಜಿನಲ್ಲಿ ಓದಿದ್ದನ್ನು ಬರೆದಳು. ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ, "ಇಷ್ಟೆಲ್ಲ ಬೇಡ" ಎಂದರು. ನಾವು ಅದನ್ನೇ ಕಳುಹಿಸಿದೆವು. ಮಾರ್ಚಿನಲ್ಲಿ ರೆಡಿಂಗಿನಿಂದ ಆಫರ್ ಬಂತು.

ಇಲ್ಲಿಯವರೆಗೆ ಓದಿದವರಿಗೆ ಆ ಕಚೇರಿಯ ಸಹವಾಸವೇ ಬೇಡವೆನ್ನಿಸಬಹುದು. ಆದರೆ ವೀಸಾ ಕಡತದ ಹಂತದಲ್ಲಿ ಅಲ್ಲಿನ ಒಬ್ಬ ಹುಡುಗಿ ನಮ್ಮನ್ನು ಉಳಿಸಿದ ಬಗೆಯನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ 70 ಅಂಕ ಬೇಕು. ವಿಶ್ವವಿದ್ಯಾಲಯ ಕೊಡುವ ಕ್ಯಾಸ್ ಎಂಬ ಪ್ರವೇಶ ದೃಢೀಕರಣಕ್ಕೆ 50, ಇಂಗ್ಲಿಷಿಗೆ 10, ಹಣಕ್ಕೆ 10. ಕೊನೆಯ ಆ ಹತ್ತು ಅಂಕವೇ ನಮ್ಮಂಥ ಮನೆಗಳಿಗೆ ಕಬ್ಬಿಣದ ಕಡಲೆ. ಬೋಧನಾ ಶುಲ್ಕಕ್ಕೆ ನಾವು ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದಿದ್ದೆವು; ಜೀವನ ವೆಚ್ಚವನ್ನು ಕೈಯಿಂದ ತೋರಿಸಬೇಕಿತ್ತು. ಲಂಡನ್ನಿನ ಹೊರಗೆ ಓದುವವರಿಗೆ ಆಗ ತಿಂಗಳಿಗೆ 1,136 ಪೌಂಡಿನಂತೆ ಒಂಬತ್ತು ತಿಂಗಳಿಗೆ 10,224 ಪೌಂಡ್, ಅಂದರೆ ಸುಮಾರು 12 ಲಕ್ಷ ರೂಪಾಯಿ. 2025ರ ನವೆಂಬರ್ 11ರಿಂದ ಇದು ತಿಂಗಳಿಗೆ 1,171 ಪೌಂಡ್ ಆಗಿದೆ, ಲಂಡನ್ನಿನಲ್ಲಿ 1,529. ಈ ಹಣ ನಗದು ರೂಪದಲ್ಲಿ ಖಾತೆಯಲ್ಲಿರಬೇಕು; ತೋಟದ ಪಹಣಿಯಾಗಲಿ, ಚಿನ್ನವಾಗಲಿ, ಷೇರುಗಳಾಗಲಿ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮದು ಕೂಡು ಕುಟುಂಬ. ಕಾಫಿ ಮಾರಿದ ಹಣವೆಲ್ಲ ನನ್ನ ಅಣ್ಣನ ಖಾತೆಗೆ ಹೋಗುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಮುಖ್ಯಸ್ಥರನ್ನು ಕೇಳಿದಾಗ, ರಕ್ತಸಂಬಂಧಿಗಳ ಖಾತೆಯಾದರೆ ಸಾಕು ಎಂದಿದ್ದರು. ಕಡತ ನೋಡಿಕೊಳ್ಳುವ ಆ ಹುಡುಗಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ದೊಡ್ಡಪ್ಪನ ಖಾತೆ ನಡೆಯಲ್ಲ. ಮಗಳದ್ದು, ಇಲ್ಲಾಂದ್ರೆ ಅಪ್ಪ ಅಮ್ಮಂದು ಇರಬೇಕು. ನಿಯಮ ತೋರಿಸ್ತೀನಿ ಬನ್ನಿ" ಎಂದು ಬ್ರಿಟಿಷ್ ಸರ್ಕಾರದ ಜಾಲತಾಣವನ್ನೇ ತೆರೆದು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಿದಳು. ಅವಳು ಹೇಳಿದ್ದೇ ಸರಿ. ತಂದೆ ತಾಯಿಯ ಖಾತೆಯಾದರೂ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಬೇಕು. ಜೂನ್ 2ರಂದು ಅಣ್ಣ 12 ಲಕ್ಷದ 20 ಸಾವಿರ ರೂಪಾಯಿಯನ್ನು ನನ್ನ ಖಾತೆಗೆ ವರ್ಗಾಯಿಸಿದ.

ಹಣ ಸತತ 28 ದಿನ ಖಾತೆಯಲ್ಲಿರಬೇಕು ಎಂಬುದು ನನಗೆ ಗೊತ್ತಿತ್ತು. ಒಂದು ದಿನವೂ ಮಿತಿಗಿಂತ ಕೆಳಗೆ ಇಳಿಯಕೂಡದು ಎಂಬುದು ಮನಸ್ಸಿನಲ್ಲಿ ನಿಂತಿರಲಿಲ್ಲ. ಜೂನ್ 30ರಂದು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಹೋದೆ. ಅವಳು ಒಂದು ಸ್ಕೇಲನ್ನು ಕಾಗದದ ಮೇಲೆ ಅಡ್ಡವಾಗಿಟ್ಟು, ಒಂದೊಂದೇ ಸಾಲಿಗೆ ಕೆಳಗೆ ಜಾರಿಸುತ್ತಾ, ಪ್ರತಿ ಸಾಲಿನ ಬಾಕಿ ಮೊತ್ತವನ್ನು ಪೆನ್ಸಿಲಿನಿಂದ ಗುರುತಿಸುತ್ತಾ ಬಂದಳು. ಜೂನ್ 21ರ ಸಾಲಿನ ಮೇಲೆ ಸ್ಕೇಲು ನಿಂತಿತು. ಅದು ಶನಿವಾರ. ತೋಟದ ಆಳುಗಳ ಬಟವಾಡೆಗೆಂದು 70 ಸಾವಿರ ತೆಗೆದಿದ್ದೆ; ಸೋಮವಾರ ಅಣ್ಣ ಅದನ್ನು ಮತ್ತೆ ತುಂಬಿದ್ದ. ಹಣ ಬಂದ ಇಪ್ಪತ್ತನೆಯ ದಿನ ಬಾಕಿ 11 ಲಕ್ಷದ 50 ಸಾವಿರಕ್ಕೆ ಇಳಿದಿತ್ತು. ಎರಡೇ ದಿನದ ಈ ಇಳಿತವನ್ನು ಅಧಿಕಾರಿ ಗಮನಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ, ಕಟ್ಟಿದ ವೀಸಾ ಶುಲ್ಕ ಹೋಗುತ್ತದೆ, ಸೆಪ್ಟೆಂಬರ್ ಪ್ರವೇಶವೂ ಹೋಗಬಹುದು ಎಂದು ಅವಳು ಹೇಳಿದಾಗ ನನ್ನ ಕೈ ತಣ್ಣಗಾಯಿತು. ಅವಳ ಸಲಹೆಯಂತೆ ಮರುದಿನವೇ ಮಗಳ ಹೆಸರಿನ ಪ್ರತ್ಯೇಕ ಖಾತೆಗೆ ಇಡೀ ಮೊತ್ತವನ್ನು ಹಾಕಿ, ಪೌಂಡಿನ ದರ ಏರಿದರೂ ಕೊರತೆಯಾಗದಂತೆ ಒಂದು ಲಕ್ಷ ಹೆಚ್ಚಿಗೆ ಸೇರಿಸಿ, ಎಟಿಎಂ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಜುಲೈ 28ಕ್ಕೆ ಇಪ್ಪತ್ತೆಂಟು ದಿನ ತುಂಬಿತು. ಆ ಅವಧಿ ಮುಗಿದ 31 ದಿನಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿರುವುದರಿಂದ ತಡಮಾಡದೆ 30ರಂದು ಅರ್ಜಿ ಸಲ್ಲಿಸಿದೆವು. ಆಗಸ್ಟ್ ಮಧ್ಯದಲ್ಲಿ ವೀಸಾ ಬಂತು.

ಇಂಥ ಕೆಲಸಕ್ಕೆ ಕಚೇರಿ ಕೇಳಿದ 8 ಸಾವಿರ ರೂಪಾಯಿ ನನಗೆ ಹೆಚ್ಚೆನ್ನಿಸಲಿಲ್ಲ. ರಸೀದಿಯನ್ನು ಮಾತ್ರ ಎರಡು ಸಲ ಕೇಳಿ ಪಡೆಯಬೇಕಾಯಿತು. ಸರ್ಕಾರಕ್ಕೆ ಕಟ್ಟುವ ಹಣ ಬೇರೆ: 2025ರಲ್ಲಿ ವೀಸಾ ಶುಲ್ಕ 524 ಪೌಂಡ್, ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡಿನಂತೆ ಒಂದು ವರ್ಷದ ಕೋರ್ಸಿಗೆ ಒಟ್ಟು 1,164 ಪೌಂಡ್, ಏಕೆಂದರೆ ವೀಸಾ ಕೋರ್ಸಿನ ನಂತರವೂ ನಾಲ್ಕು ತಿಂಗಳು ಇರುವುದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿಯುತ್ತಾರೆ. ಕಚೇರಿಯ ಮೊದಲ ಅಂದಾಜು ಪಟ್ಟಿಯಲ್ಲಿ ಆ ಅರ್ಧ ವರ್ಷದ 388 ಪೌಂಡ್ ಬಿಟ್ಟುಹೋಗಿತ್ತು.

ಕ್ಷಯರೋಗ ತಪಾಸಣೆ ಮತ್ತು ಬೆರಳಚ್ಚಿಗೆ ಬೆಂಗಳೂರಿಗೆ ಎರಡು ಬೇರೆ ಬೇರೆ ಪ್ರಯಾಣ ಮಾಡಬೇಕಾಯಿತು. ತಪಾಸಣೆಯ ಪ್ರಮಾಣಪತ್ರ ಆರು ತಿಂಗಳು ಊರ್ಜಿತವಿರುವುದರಿಂದ ಅದನ್ನು ಮೇ ತಿಂಗಳಲ್ಲಿ ಬೇರೆ ಕೆಲಸಕ್ಕೆ ಹೋದಾಗಲೇ ಮುಗಿಸಬಹುದಿತ್ತು, ಯಾರೂ ಹೇಳಲಿಲ್ಲ.

ಹೊರಡುವ ಮೊದಲು ನಡೆಸಿದ ಮಾಹಿತಿ ಸಭೆಯ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ಮೂವತ್ತು ಮಂದಿ ಮಕ್ಕಳು, ಅವರ ಹಿಂದೆ ತಂದೆ ತಾಯಿಗಳು ಕುಳಿತಿದ್ದ ಆ ಸಭೆಯಲ್ಲಿ ಮುಖ್ಯಸ್ಥರು, ಅಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕರೆ ಊಟ, ಬಾಡಿಗೆ ಎಲ್ಲವೂ ಕಳೆದು ಮನೆಗೂ ಕಳುಹಿಸಬಹುದು ಎಂದರು. ನಾನು ಎದ್ದು ಲೆಕ್ಕ ಕೇಳಿದೆ. ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 21 ವರ್ಷ ತುಂಬಿದವರಿಗೆ ಅಲ್ಲಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ ಗಂಟೆಗೆ 12.21 ಪೌಂಡ್ ಇತ್ತು. ಪ್ರತಿ ವಾರವೂ ಪೂರ್ತಿ 20 ಗಂಟೆ ಕೆಲಸ ಸಿಕ್ಕಿತೆಂದೇ ಇಟ್ಟುಕೊಂಡರೂ ನಾಲ್ಕು ವಾರಕ್ಕೆ ಸುಮಾರು 977 ಪೌಂಡ್ ಆಗುತ್ತದೆ. ತಿಂಗಳ ಖರ್ಚಿಗೆ 1,136 ಬೇಕೆಂದು ಆಗ ಅಲ್ಲಿನ ಸರ್ಕಾರವೇ ಹೇಳುತ್ತಿತ್ತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೇಸಿಗೆಯ ತಿಂಗಳುಗಳು ಪ್ರಬಂಧ ಬರೆಯುವ ಕಾಲವಾದ್ದರಿಂದ ಅದೂ ಓದಿನ ಅವಧಿಯೇ, ಆಗಲೂ 20 ಗಂಟೆಯ ಮಿತಿ ತಪ್ಪುವುದಿಲ್ಲ. ಇದನ್ನು ಹೇಳಿದಾಗ ಸಭೆ ಮೌನವಾಯಿತು. ಹೊಲ ಅಡವಿಟ್ಟು ಸಾಲ ಮಾಡಿದ ತಂದೆಯೊಬ್ಬರು ಹೊರಗೆ ಬಂದ ಮೇಲೆ ನನ್ನ ಲೆಕ್ಕವನ್ನು ಕೈಬರಹದಲ್ಲಿ ಬರೆಸಿಕೊಂಡರು.

ಕೋರ್ಸಿನ ನಂತರ ಉಳಿಯಲು ಅವಕಾಶ ಕೊಡುವ ಗ್ರಾಜುಯೇಟ್ ವೀಸಾದ ವಿಷಯದಲ್ಲಿಯೂ ಎಚ್ಚರ ಬೇಕು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದರ ಅವಧಿ ಎರಡು ವರ್ಷದ ಬದಲು 18 ತಿಂಗಳು. ಹಾಗಾಗಿ 2026ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಕೋರ್ಸಿಗೆ ಹೊರಡುವವರಿಗೆ ಯಾರಾದರೂ ಎರಡು ವರ್ಷವೆಂದು ಹೇಳಿದರೆ ನಂಬಬೇಡಿ. ಸಂಶೋಧನೆಯಲ್ಲದ, ತರಗತಿ ಪಾಠದ ಸ್ನಾತಕೋತ್ತರ ಕೋರ್ಸಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವುದೂ 2024ರ ಜನವರಿಯಿಂದ ನಿಂತಿದೆ.

ಅದೇ ಸಭೆಯಲ್ಲಿ ಕೊಟ್ಟ ಸಾಮಾನುಪಟ್ಟಿಯಲ್ಲಿ ತುಪ್ಪ ಎರಡು ಕೆ.ಜಿ. ಎಂದಿತ್ತು. ಹಾಲಿನ ಉತ್ಪನ್ನವನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಮಗಳ ಅಮ್ಮ ಮನೆಯ ಬೆಣ್ಣೆ ಕಾಯಿಸಿ ತುಂಬಿಟ್ಟಿದ್ದ ಡಬ್ಬಿಯನ್ನು ಹಿಂದಿನ ರಾತ್ರಿ ಸೂಟ್‌ಕೇಸಿನಿಂದ ತೆಗೆದು, ಆ ಜಾಗಕ್ಕೆ ನಮ್ಮ ತೋಟದ ಕಾಫಿಪುಡಿ ಇಟ್ಟೆವು.

ಅಣ್ಣನ ಮಗ ಈಗ ಮೂರನೇ ವರ್ಷದ ಎಂಜಿನಿಯರಿಂಗ್‌ನಲ್ಲಿದ್ದಾನೆ, ಅವನಿಗೂ ಬ್ರಿಟನ್ನಿಗೆ ಹೋಗುವ ಮನಸ್ಸಿದೆ. ಅವನನ್ನು ಇದೇ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ. ಆದರೆ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಅವನೇ ಮಾಡಿಕೊಂಡಿರುತ್ತಾನೆ. ಕೆಲವು ಸೂಕ್ಷ್ಮ ತಾಂತ್ರಿಕ ವಿಷಯಗಳ ಓದಿಗೆ ಬ್ರಿಟಿಷ್ ಸರ್ಕಾರದಿಂದ ಪಡೆಯಬೇಕಾದ ಎಟಿಎಎಸ್ ಅನುಮತಿ ಅವನ ವಿಷಯಕ್ಕೆ ಬೇಕೇ ಎಂಬುದನ್ನು ಮೊದಲೇ ನೋಡಿಕೊಂಡಿರುತ್ತೇವೆ. ಮುಖ್ಯಸ್ಥರ ಕೊಠಡಿಯಲ್ಲಿ ಕೂರದೆ, ಸ್ಕೇಲು ಹಿಡಿದ ಆ ಹುಡುಗಿ ಅಲ್ಲಿ ಇನ್ನೂ ಕೆಲಸದಲ್ಲಿದ್ದರೆ ಅವಳ ಮೇಜಿಗೇ ಹೋಗುತ್ತೇವೆ. ಅವನ ಹೆಸರಿನಲ್ಲಿ ಬೇರೆ ಖಾತೆಯನ್ನು ಕಳೆದ ತಿಂಗಳೇ ತೆರೆಸಿದ್ದೇನೆ, ಬಟವಾಡೆಯ ಹಣ ಆ ಖಾತೆಯ ಹತ್ತಿರವೂ ಸುಳಿಯುವುದಿಲ್ಲ.