ಸೀನಿಯರ್ ಸಿಟಿಜನ್ಸ್ ಸೇವಿಂಗ್ಸ್ ಸ್ಕೀಮ್: ಡೊಂಬಿವಲಿಯಿಂದ ನನ್ನ ಅನುಭವ

ನಮ್ಮ ಕುಂದಾಪುರದ ಕಡೆಯವರಿಗೆ ಮುಂಬೈಯಲ್ಲಿ ನಿವೃತ್ತಿ ಎಂದರೆ ಒಂದೇ ಅರ್ಥ. ಪಿಎಫ್ ಹಣ ಬಂದ ಕೂಡಲೇ ಊರಲ್ಲಿ ಮನೆ ಕಟ್ಟಬೇಕು, ಸಾಮಾನು ಕಟ್ಟಿ ಊರ ಕಡೆಯ ಮತ್ಸ್ಯಗಂಧ ರೈಲು ಹತ್ತಬೇಕು. ನಾನು ಹಾಗೆ ಮಾಡಲಿಲ್ಲ. ಬಂದ ಹಣದಲ್ಲಿ 22 ಲಕ್ಷ ತೆಗೆದು ಕೇಂದ್ರ ಸರ್ಕಾರದ ಸೀನಿಯರ್ ಸಿಟಿಜನ್ಸ್ ಸೇವಿಂಗ್ಸ್ ಸ್ಕೀಮಿನಲ್ಲಿ ಇಟ್ಟೆ. ಅದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 2024ರ ಆಗಸ್ಟ್‌ನಲ್ಲಿ ನಾನು ಇಟ್ಟಾಗ ಬಡ್ಡಿ ವರ್ಷಕ್ಕೆ ಶೇಕಡಾ 8.2. ಇಟ್ಟ ದಿನದ ದರವೇ ಐದು ವರ್ಷಕ್ಕೂ ಸಿಗುತ್ತದೆ. ನಡುವೆ ಸರ್ಕಾರ ದರ ಇಳಿಸಿದರೂ ನನ್ನ ಖಾತೆಗೆ ಏನೂ ಆಗುವುದಿಲ್ಲ. ಬಡ್ಡಿ ಬರುವುದು ಮೂರು ತಿಂಗಳಿಗೊಮ್ಮೆ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಶುರುವಿನಲ್ಲಿ. 22 ಲಕ್ಷಕ್ಕೆ ಸಲಕ್ಕೆ 45,100 ರೂಪಾಯಿ, ಅಂದರೆ ತಿಂಗಳಿಗೆ 15 ಸಾವಿರದ ಲೆಕ್ಕ. ನನಗೆ ಇಪಿಎಸ್, ಅಂದರೆ ಪಿಎಫ್ ಜತೆಗಿನ ಪಿಂಚಣಿ, 3 ಸಾವಿರವೂ ಇಲ್ಲ. ರೇಷನ್, ಸೊಸೈಟಿ ಮೇಂಟೆನೆನ್ಸ್, ಬಿಪಿ ಮಾತ್ರೆ ಎಲ್ಲ ನಡೆಯುವುದು ಈ ಬಡ್ಡಿಯಲ್ಲೇ. ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ಕ್ಕೆ ಮೊದಲು 15 ಲಕ್ಷವೇ ಮಿತಿ ಇತ್ತು.

ಸೀನಿಯರ್ ಸಿಟಿಜನ್ ಅಂತ ಹೆಸರಿದ್ದರೂ 60 ತುಂಬಲೇಬೇಕು ಅಂತಿಲ್ಲ. ನಾನು 58ಕ್ಕೆ ರಿಟೈರ್ ಆದೆ. 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಆ ಹಣ ಇಡಬಹುದು. ಮೊದಲು ಒಂದೇ ತಿಂಗಳು ಕೊಡುತ್ತಿದ್ದರು, 2023ರ ನವೆಂಬರ್‌ನಲ್ಲಿ ಮೂರು ಮಾಡಿದರು. ನನಗೆ ಆ ಮೂರು ತಿಂಗಳೂ ಬೇಕಾಯಿತು.

ತಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಅಣ್ಣ, ನಮ್ಮ ಪಕ್ಕದ ಹತ್ತು ಸೆಂಟ್ಸ್ ಜಾಗ ಮಾರಾಟಕ್ಕೆ ಉಂಟು. ಅಪ್ಪಯ್ಯ ಕಟ್ಟಿದ ಹಾಗೆ ನೀನೂ ಒಂದು ಮನೆ ಕಟ್ಟು." ಅವನಿಗೆ ಅದರಿಂದ ಲಾಭ ಏನೂ ಇರಲಿಲ್ಲ. ಅಣ್ಣ ಪಕ್ಕದಲ್ಲಿ ಇರಲಿ ಅನ್ನುವ ಆಸೆ, ಅಷ್ಟೇ.

ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಗೆ ಹೋಗಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತರು. ನಲವತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಊರಿನ ಮನೆಗೆ ಹಾಕಿದರು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು, ಮುಂದೆ ಉದ್ದದ ಜಗಲಿ. ಹೋಟೆಲಿನಲ್ಲಿ ನಸುಕಿನ ನಾಲ್ಕಕ್ಕೆ ಏಳುತ್ತಿದ್ದವರಿಗೆ ಊರಲ್ಲೂ ನಾಲ್ಕಕ್ಕೇ ಎಚ್ಚರ. ನಾನು ರಜೆಗೆ ಹೋದಾಗ ನೋಡಿದ್ದೇನೆ. ಅಡುಗೆಮನೆ ದೀಪ ಹಾಕಿ, ದೊಡ್ಡ ಪಾತ್ರೆ ಇಟ್ಟು, ಪಾತ್ರೆ ತುಂಬ ಚಹಾ ಮಾಡುತ್ತಿದ್ದರು. ಕುಡಿಯುವವರು ಅವರು ಮತ್ತು ಅಮ್ಮ. ಬೆಳಕಾದ ಮೇಲೆ ಅಮ್ಮ ಏನೂ ಹೇಳದೆ ಉಳಿದದ್ದನ್ನು ಬಾಳೆಬುಡಕ್ಕೆ ಚೆಲ್ಲಿ ಬರುತ್ತಿದ್ದಳು. ಪ್ರತಿ ಜೂನ್‌ನಲ್ಲಿ ಅಪ್ಪಯ್ಯ ಫೋನಿನಲ್ಲಿ ಕೇಳುತ್ತಿದ್ದರು, "ಬೊಂಬಾಯಲ್ಲಿ ಮಳೆ ಶುರುವಾಯ್ತಾ?" ಅವರ ಸ್ನೇಹಿತರೆಲ್ಲ ಇಲ್ಲೇ ಉಳಿದಿದ್ದರು. ಬೇಸರ ಆಗುತ್ತದಾ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಕೇಳಬೇಕಿತ್ತು.

ಎರಡು ತಿಂಗಳು ಹೀಗೇ ಹೋಯಿತು. ಒಂದು ರಾತ್ರಿ ಊಟ ಆದ ಮೇಲೆ ಹೆಂಡತಿ ಕೇಳಿದಳು, "ರೀ, ಊರಿಗೆ ಹೋಗಬೇಕು ಅನ್ನುವುದು ನಿಮ್ಮ ಆಸೆಯಾ, ಮಾವನದ್ದಾ?" ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಅವಳ ಭಜನಾ ಮಂಡಳಿ ಇಲ್ಲಿದೆ. ಮಗಳು ಠಾಣೆಯಲ್ಲಿದ್ದಾಳೆ. ನನ್ನ ಡಾಕ್ಟರು, ಒಂದೇ ಲೋಕಲಿನಲ್ಲಿ ಮೂವತ್ತು ವರ್ಷ ಜತೆಗೆ ನಿಂತು ಹೋದ ಗೆಳೆಯರು, ಎಲ್ಲರೂ ಇಲ್ಲೇ. ಮಾರನೇ ದಿನ ಫಾರ್ಮ್ ತಂದೆ.

ಈ ಸ್ಕೀಮ್ ಅಂಚೆ ಕಚೇರಿಯಲ್ಲೂ ಇದೆ, ಬ್ಯಾಂಕುಗಳಲ್ಲೂ ಇದೆ. ನಾನು ಮೊದಲು ಹೋದ ಕಡೆ ಎರಡು ಸಲ "ಕಾಕಾ, ಸರ್ವರ್ ಡೌನ್ ಆಹೆ" ಅಂತ ವಾಪಸ್ ಕಳಿಸಿದರು. ಮೂರನೇ ಸಲ, ಕಂಪನಿಯ ಪತ್ರದಲ್ಲಿ ಗ್ರಾಚ್ಯುಟಿ ವಿವರ ಇಲ್ಲ ಅಂದರು. ಅದು ಸರಿಯಾದ ಆಕ್ಷೇಪವೇ. 60 ಆಗದವರು ಕಂಪನಿಯಿಂದ ನಿವೃತ್ತಿಯ ಮತ್ತು ಹಣದ ವಿವರ ಇರುವ ಪತ್ರ ತರಬೇಕು. ಆದರೆ ಮೊದಲ ದಿನವೇ ಹೇಳಬಹುದಿತ್ತಲ್ವಾ? ಹೊಸ ಪತ್ರ ಮಾಡಿಸಿಕೊಂಡು ಬೇರೊಂದು ಅಂಚೆ ಕಚೇರಿಗೆ ಹೋದೆ. ಅಲ್ಲಿನ ಹೆಂಗಸು ನನ್ನ ಸಹಿ ನೋಡಿ "ಕಾನಡೀ ಕಾ?" ಅಂತ ಕೇಳಿ ನಕ್ಕರು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು.

ಜಂಟಿ ಖಾತೆ ಗಂಡ ಹೆಂಡತಿಗೆ ಮಾತ್ರ, ಮಕ್ಕಳ ಜತೆ ಆಗುವುದಿಲ್ಲ. ಈ ನಿಯಮ ನನಗೆ ತುಂಬ ಇಷ್ಟ. ಊರಿನ ಮನೆ, ಜಾಗ ಯಾವ ಕಾಗದದಲ್ಲೂ ಅಮ್ಮನ ಹೆಸರು ಇರಲಿಲ್ಲ. ಇಲ್ಲಿ ಹೆಂಡತಿ ನನ್ನ ಪಕ್ಕ ಕೂತು, ಕನ್ನಡಕ ಹಾಕಿಕೊಂಡು, ನಿಧಾನಕ್ಕೆ ಒಂದೊಂದೇ ಅಕ್ಷರ ಬರೆದಳು. ಪಾಸ್‌ಬುಕ್ ಅವಳ ಬೀರುವಿನಲ್ಲೇ ಇದೆ.

ಕೊರತೆಗಳೂ ಇವೆ. ಬಡ್ಡಿಗೆ ತೆರಿಗೆ ಇದೆ. ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ಟಿಡಿಎಸ್ (ಬಡ್ಡಿ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯಬೇಡಿ ಅನ್ನುವ ಫಾರ್ಮ್ ಪ್ರತಿ ವರ್ಷ ಮರೆಯದೆ ಕೊಡಿ. ಬಡ್ಡಿ ತೆಗೆಯದೆ ಅಲ್ಲೇ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಇಲ್ಲ. ವರ್ಷ ತುಂಬುವ ಮೊದಲೇ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದೊಳಗೆ ಅಸಲಿನಲ್ಲಿ ಶೇಕಡಾ 1.5, ಆಮೇಲೆ ಶೇಕಡಾ 1 ಕಡಿತ. ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು ಬೆಲೆ ಏರಿಕೆ. ಐದನೇ ವರ್ಷದಲ್ಲೂ ಬರುವುದು ಅದೇ 45,100. ಆದ್ದರಿಂದ ಇದ್ದದ್ದೆಲ್ಲ ಇಲ್ಲೇ ಹಾಕಬೇಡಿ. ನಾನು ಆಸ್ಪತ್ರೆ ಖರ್ಚಿಗೆ ಅಂತ ಸ್ವಲ್ಪ ಬೇರೆ ಇಟ್ಟಿದ್ದೇನೆ.

ತಮ್ಮನಿಗೆ ಬೇಸರ ಆಯಿತು. ಎರಡು ತಿಂಗಳು ಫೋನ್ ಮಾಡಲಿಲ್ಲ. ಏಪ್ರಿಲ್‌ನ ಬಡ್ಡಿ ಬಂದಾಗ ಒಂದು ಪಾಲು ಅವನಿಗೆ ಕಳಿಸಿದೆ. ಮಳೆಗಾಲಕ್ಕೆ ಮೊದಲೇ ಅಪ್ಪಯ್ಯನ ಮನೆಯ ಒಡೆದ ಹಂಚೆಲ್ಲ ಬದಲಾಯಿಸಿದ. ದೀಪಾವಳಿಗೆ ನಾವಿಬ್ಬರೂ ಹೋಗಿ ಹನ್ನೆರಡು ದಿನ ಇದ್ದೆವು. ಒಂದು ಬೆಳಿಗ್ಗೆ ಜಗಲಿಯಲ್ಲಿ ಚಹಾ ಕುಡಿಯುತ್ತಾ ಅವನೇ ಕೇಳಿದ, "ಅಣ್ಣ, ಆ ಸ್ಕೀಮು ನಮ್ಮ ಊರಿನ ಪೋಸ್ಟಾಫೀಸಲ್ಲೂ ಉಂಟಾ?" ಅವನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಫಾರ್ಮಿನ ಒಂದು ಜೆರಾಕ್ಸ್ ಕೊಟ್ಟು ಬಂದೆ.