ಫೋಲ್ಡರಿನಲ್ಲಿ ಎಷ್ಟು ಫೈಲು? ಎಲ್‌ಎಸ್, ಫೈಂಡ್, ಟ್ರೀ, ಬ್ಯಾಷ್ ಓಡಿಸಿ ನೋಡಿದ್ದು

ದಾವಣಗೆರೆಯ ಒಂದು ಆಲ್ಬಮ್ ಲ್ಯಾಬಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಸೀಸನ್ ಬಂತೆಂದರೆ ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯ ಫೋಟೋಗ್ರಾಫರುಗಳು ಕಾರ್ಡು, ಹಾರ್ಡ್‌ಡಿಸ್ಕು ಹಿಡಿದು ಬರುತ್ತಾರೆ. ಕಾಪಿ ಮುಗಿಯುವ ಮೊದಲೇ ಪ್ರಶ್ನೆ: "ಅಣ್ಣಾ, ಎಲ್ಲಾ ಬಂದಾವಾ? ಎಷ್ಟು ಐದಾವೆ ನೋಡಿ ಹೇಳಿ." ಎರಡೂ ಕಡೆ ಲೆಕ್ಕ ತಾಳೆಯಾಗದೆ ಯಾರೂ ಕಾರ್ಡು ಫಾರ್ಮ್ಯಾಟ್ ಮಾಡುವುದಿಲ್ಲ, ಮಾಡಲೂಬಾರದು. ನಮ್ಮ ಸರ್ವರ್ ಲಿನಕ್ಸ್. ಹಾಗಾಗಿ ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಎಣಿಸುವ ದಾರಿಗಳನ್ನೆಲ್ಲ ಒಂದೇ ಮದುವೆಯ ಫೋಲ್ಡರಿನ ಮೇಲೆ ಓಡಿಸಿ ನೋಡಿದೆ.

ಎಲ್ಲರ ಬೆರಳಿಗೆ ಮೊದಲು ಬರುವುದು "ಎಲ್‌ಎಸ್ | ಡಬ್ಲ್ಯೂಸಿ -ಎಲ್". ಚಿಕ್ಕದು, ಯಾವ ಲಿನಕ್ಸ್ ಯಂತ್ರದಲ್ಲೂ ಸಿಗುತ್ತೆ. ಎಲ್‌ಎಸ್ ಫೋಲ್ಡರಿನಲ್ಲಿರುವ ಹೆಸರುಗಳನ್ನು ಸಾಲಿಗೊಂದರಂತೆ ಕೊಡುತ್ತೆ, ಡಬ್ಲ್ಯೂಸಿ ಲೆಕ್ಕ ಹಾಕುತ್ತೆ. ಆದರೆ ಅದು ಎಣಿಸುವುದು ಸಾಲುಗಳನ್ನು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಎಣಿಸಿ ತೂಕ ಹೇಳಿದ ಹಾಗೆ, ಎಲ್ಲಾ ಚೀಲ ಒಂದೇ ಸಮ ಇದ್ದರೆ ಮಾತ್ರ ಲೆಕ್ಕ ಸರಿ. ಒಳಗೆ ಧಾರೆ, ರಿಸೆಪ್ಶನ್ ಅಂತ ಎರಡು ಫೋಲ್ಡರ್ ಇದ್ದರೆ ಅವು ಎರಡು ಸಾಲಾಗಿ ಸೇರುತ್ತವೆ, ಅವುಗಳ ಒಳಗಿನ ಫೋಟೋಗಳು ಸೇರುವುದಿಲ್ಲ. ಚುಕ್ಕೆಯಿಂದ ಶುರುವಾಗುವ ಹೆಸರುಗಳು ಲೆಕ್ಕಕ್ಕೇ ಬರುವುದಿಲ್ಲ. ಬರಲಿ ಅಂತ ಆಜ್ಞೆಯ ಜೊತೆ ಇಂಗ್ಲಿಷಿನ ಸಣ್ಣ "ಎ" ಹಾಕಿದರೆ ಆ ಫೋಲ್ಡರೂ ಅದರ ಮೇಲಿನ ಫೋಲ್ಡರೂ ಸೇರಿ ಎರಡು ಹೆಚ್ಚಾಗುತ್ತೆ; ಅದಕ್ಕೆ ದೊಡ್ಡ "ಎ" ಹಾಕಬೇಕು. "ಎಲ್‌ಎಸ್ -ಎಲ್" ಅಂದರೆ ತಲೆಯ ಮೇಲೊಂದು "ಟೋಟಲ್" ಸಾಲು, ಒಂದು ಹೆಚ್ಚು. ದೊಡ್ಡ "ಆರ್" ಹಾಕಿದರಂತೂ ಫೋಲ್ಡರ್ ಹೆಸರು, ಖಾಲಿ ಸಾಲು ಎಲ್ಲವೂ ಫೋಟೋ ಅಂತಲೇ ಎಣಿಕೆಯಾಗುತ್ತವೆ. ಪರೀಕ್ಷೆಗೆಂದು ಹೆಸರಿನ ನಡುವೆ ಹೊಸ ಸಾಲಿರುವ ಒಂದು ಫೈಲು ಮಾಡಿಟ್ಟೆ. ಎಲ್‌ಎಸ್ ಅದನ್ನು ಎರಡು ಅಂತು. ಕ್ಯಾಮೆರಾ ಅಂಥ ಹೆಸರು ಕೊಡುವುದಿಲ್ಲ ಬಿಡಿ.

"ಫೈಂಡ್ . -ಟೈಪ್ ಎಫ್ | ಡಬ್ಲ್ಯೂಸಿ -ಎಲ್" ಬೇರೆಯದೇ ಜಾತಿ. ಒಳಗೊಳಗಿನ ಫೋಲ್ಡರಿಗೆಲ್ಲ ಇಳಿಯುತ್ತೆ, ಫೋಲ್ಡರುಗಳನ್ನು ಬಿಟ್ಟು ಫೈಲು ಮಾತ್ರ ಹಿಡಿಯುತ್ತೆ. ಕ್ಯಾಮೆರಾ ಕಾರ್ಡಿಗೆ ಇದೇ ಬೇಕು. ಕ್ಯಾಮೆರಾಗಳು ಫೈಲಿಗೆ ಹೆಸರಿಡುವ ಡಿಸಿಎಫ್ ನಿಯಮದಂತೆ ಫೈಲಿನ ಸಂಖ್ಯೆ 9999 ದಾಟುವ ಹಾಗಿಲ್ಲ, ಮುಂದಿನ ಫೋಟೋ ಹೊಸ ಫೋಲ್ಡರಿಗೆ ಹೋಗುತ್ತೆ. ಹೀಗಾಗಿ ಒಂದೇ ಮದುವೆ ಎರಡು ಫೋಲ್ಡರಿನಲ್ಲಿ ಹಂಚಿಹೋಗಿರುವುದು ಅಪರೂಪವೇನಲ್ಲ. ಇಳಿಯುವುದು ಬೇಡವಾದರೆ "-ಮ್ಯಾಕ್ಸ್‌ಡೆಪ್ತ್ 1". ಹೊಸ ಸಾಲಿನ ಹೆಸರು ಇಲ್ಲೂ ಕಾಡುತ್ತೆ. ಅದಕ್ಕೆ "-ಪ್ರಿಂಟ್‌ಎಫ್" ಕೊಟ್ಟು ಪ್ರತಿ ಫೈಲಿಗೆ ಒಂದೊಂದು ಚುಕ್ಕೆ ಬರೆಸಿ, "ಡಬ್ಲ್ಯೂಸಿ -ಸಿ"ಯಿಂದ ಚುಕ್ಕೆ ಎಣಿಸಿದರೆ ಆಯಿತು. ಹೆಸರು ಹೇಗಿದ್ದರೇನು, ಫೈಲಿಗೊಂದು ಚುಕ್ಕೆ. ನನಗೆ ಬಹಳ ಹಿಡಿಸಿದ್ದು ಇದೇ. ಆದರೆ ಇದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬರುವ ಗ್ನೂ ಫೈಂಡ್‌ನ ಸೌಲಭ್ಯ; ಡಿಸೈನರ್ ಹುಡುಗರ ಮ್ಯಾಕ್‌ನಲ್ಲಿರುವ ಫೈಂಡ್‌ಗೆ "-ಪ್ರಿಂಟ್‌ಎಫ್" ಗೊತ್ತೇ ಇಲ್ಲ.

ಮ್ಯಾಕ್ ಅಂದಮೇಲೆ ಇನ್ನೊಂದು ಮಾತು. ಮ್ಯಾಕ್‌ನಿಂದ ಎಕ್ಸ್‌ಫ್ಯಾಟ್ ಬಗೆಯಲ್ಲಿ ಫಾರ್ಮ್ಯಾಟ್ ಆದ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದ ಫೋಟೋಗಳ ಪಕ್ಕದಲ್ಲಿ ಚುಕ್ಕೆ, ಅಂಡರ್‌ಸ್ಕೋರ್‌ನಿಂದ ಶುರುವಾಗುವ ಮರಿ ಫೈಲುಗಳು ಹುಟ್ಟಿಕೊಂಡಿರುತ್ತವೆ. ಫೋಟೋದ ಹೆಚ್ಚುವರಿ ವಿವರ ಇಡಲು ಮ್ಯಾಕ್ ಮಾಡಿಕೊಂಡ ಏರ್ಪಾಡು ಅದು. ಹೆಸರಿನ ಕೊನೆಗೆ ಜೆಪಿಜಿ ಅಂತಲೇ ಇರುತ್ತೆ. ಫೈಂಡ್ ಅವನ್ನೂ ನಿಷ್ಠೆಯಿಂದ ಎಣಿಸಿ, ಫೋಟೋಗ್ರಾಫರ್ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತೆ. ನಾನು ಇಷ್ಟು ಹೊತ್ತು ಬೈದ ಎಲ್‌ಎಸ್, ಚುಕ್ಕೆ ಹೆಸರು ನೋಡದ ಕಾರಣಕ್ಕೇ, ಅಂಥ ಫೋಲ್ಡರಿನಲ್ಲಿ ಸರಿಯುತ್ತರ ಕೊಟ್ಟುಬಿಡುತ್ತೆ! ಫೈಂಡ್‌ಗೆ ಆ ಹೆಸರುಗಳನ್ನು ಬಿಡು ಅಂತ ಬೇರೆಯಾಗಿ ಹೇಳಬೇಕು. ವಿಸ್ತರಣೆ ಹುಡುಕುವಾಗ "-ನೇಮ್" ಬದಲು "-ಐನೇಮ್" ಹಾಕಿ. ಕ್ಯಾಮೆರಾ ದೊಡ್ಡಕ್ಷರದಲ್ಲಿ ಬರೆದ ಜೆಪಿಜಿಯನ್ನು ಎಡಿಟಿಂಗ್ ಸಾಫ್ಟ್‌ವೇರ್ ಸಣ್ಣಕ್ಷರ ಮಾಡಿರಬಹುದು.

ಟರ್ಮಿನಲ್ಲಿನಲ್ಲಿ ನಮ್ಮ ಆಜ್ಞೆ ಓದಿ ನಡೆಸುವ ಬ್ಯಾಷ್‌ನಲ್ಲೇ, ಹೊರಗಿನ ಯಾವ ಆಜ್ಞೆಯೂ ಇಲ್ಲದೆ, ನಕ್ಷತ್ರ ಚಿಹ್ನೆಯಿಂದ ಹೆಸರುಗಳನ್ನು ಅರೇ ಎಂಬ ಪಟ್ಟಿಗೆ ತುಂಬಿಸಿ ಅದರ ಉದ್ದ ಕೇಳಬಹುದು. ಸ್ಕ್ರಿಪ್ಟ್ ಬರೆಯುವಾಗ ಚೆಂದ, ಹೊಸ ಸಾಲಿನ ತೊಂದರೆಯೂ ಇಲ್ಲ. ಒಂದು ಎಚ್ಚರಿಕೆ: "ನಲ್‌ಗ್ಲಾಬ್" ಎಂಬ ಆಯ್ಕೆ ಹಾಕದಿದ್ದರೆ ಖಾಲಿ ಫೋಲ್ಡರಿಗೂ 1 ಅನ್ನುತ್ತೆ, ಯಾಕೆಂದರೆ ಏನೂ ಸಿಗದಾಗ ಆ ನಕ್ಷತ್ರವೇ ಒಂದು ಹೆಸರಾಗಿ ಕೂತಿರುತ್ತೆ. ಖಾಲಿ ಕಾರ್ಡಿಗೆ "ಒಂದು ಫೋಟೋ ಐತೆ" ಅಂದರೆ ಮುಂದಿನ ಮಾತು ನೀವೇ ಊಹಿಸಿಕೊಳ್ಳಿ.

ಟ್ರೀ ಕೊನೆಯ ಸಾಲಿನಲ್ಲಿ ಫೋಲ್ಡರ್ ಎಷ್ಟು, ಫೈಲು ಎಷ್ಟು ಅಂತ ಬಿಡಿಸಿ ಹೇಳುತ್ತೆ. ಅದಕ್ಕೆ ಮೊದಲು ಪೂರ್ತಿ ವಂಶವೃಕ್ಷ ಪರದೆ ತುಂಬ ಹರಿಯುತ್ತೆ. ಬಹಳಷ್ಟು ಯಂತ್ರಗಳಲ್ಲಿ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. "ಡಿಯು --ಐನೋಡ್ಸ್" ಎಣಿಸುವುದು ಐನೋಡ್‌ಗಳನ್ನು, ಅಂದರೆ ಪ್ರತಿ ಫೈಲಿಗೂ ಫೋಲ್ಡರಿಗೂ ಡಿಸ್ಕಿನಲ್ಲಿರುವ ದಾಖಲೆಯನ್ನು; ಹಾಗಾಗಿ ಫೋಲ್ಡರುಗಳನ್ನೂ ಕೂಡಿಸುತ್ತೆ. ಡಿಸ್ಕಿನಲ್ಲಿ ಜಾಗವಿದ್ದೂ ಐನೋಡ್ ತೀರಿದಾಗ ಯಾವ ಫೋಲ್ಡರ್ ತಿಂದಿದೆ ಅಂತ ಹುಡುಕಲು ಒಳ್ಳೆಯದು, ಫೋಟೋ ಲೆಕ್ಕಕ್ಕಲ್ಲ.

ಯಾವುದು ಬೇಗ? ಮೊದಲು ಓಡಿಸಿದ್ದು ನಿಧಾನ, ಆಮೇಲೆ ಓಡಿಸಿದ್ದು ಬೇಗ. ಫೋಲ್ಡರಿನ ವಿವರ ಅಷ್ಟರಲ್ಲಿ ಮೆಮೊರಿಗೆ ಬಂದಿರುತ್ತಲ್ಲ. ಹಾಗಾಗಿ ಆಜ್ಞೆಗಳ ಸರದಿ ಬದಲಿಸಿ ಓಡಿಸಿದೆ. ಒಂದು ಮದುವೆಯ ಮಟ್ಟಿಗೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಲಕ್ಷಗಟ್ಟಲೆ ಚಿಕ್ಕ ಪ್ರಿವ್ಯೂ ಚಿತ್ರ ಬಿದ್ದಿರುವ ಫೋಲ್ಡರಿನಲ್ಲಿ ಮಾತ್ರ ಎಲ್‌ಎಸ್ ತಿಣುಕುತ್ತೆ, ಯಾಕೆಂದರೆ ಅದು ಎಲ್ಲಾ ಹೆಸರು ಓದಿ, ಅಕಾರಾದಿಯಾಗಿ ಜೋಡಿಸಿ, ಆಮೇಲೆ ಬಾಯಿ ಬಿಡುತ್ತೆ. ಎಣಿಸೋದಕ್ಕೆ ಜೋಡಣೆ ಯಾಕೆ? ದೊಡ್ಡ "ಯು" ಹಾಕಿದರೆ ಆ ಕೆಲಸ ತಪ್ಪುತ್ತೆ. ಸಣ್ಣ "ಎಫ್" ಕೂಡ ತಪ್ಪಿಸುತ್ತೆ, ಆದರೆ ಸಣ್ಣ "ಎ"ಯನ್ನೂ ಜೊತೆಗೆ ಎಳೆದು ತರುವುದರಿಂದ ಉತ್ತರದಲ್ಲಿ ಎರಡು ಕಳೆಯಬೇಕು. ಫೈಂಡ್ ಮೊದಲಿಂದಲೂ ಜೋಡಿಸುವ ಗೋಜಿಗೇ ಹೋಗುವುದಿಲ್ಲ.

ಈಗ ಸರ್ವರಿನಲ್ಲಿ ಚುಕ್ಕೆ ಬರೆಸುವ ಫೈಂಡ್ ಅನ್ನೇ ಒಂದು ಚಿಕ್ಕ ಆಜ್ಞೆಯಾಗಿ ಕಟ್ಟಿಟ್ಟಿದ್ದೇನೆ: ಮ್ಯಾಕ್ ಮರಿಗಳನ್ನು ಬಿಟ್ಟು, ಜೆಪಿಜಿ ಎಷ್ಟು, ರಾ (ಕ್ಯಾಮೆರಾದ ಕಚ್ಚಾ) ಫೈಲು ಎಷ್ಟು, ವಿಡಿಯೋ ಎಷ್ಟು ಅಂತ ಬೇರೆ ಬೇರೆ ಹೇಳುತ್ತೆ. ಜೆಪಿಜಿ, ರಾ ಎರಡೂ ಬಗೆಯಲ್ಲಿ ಒಟ್ಟಿಗೆ ತೆಗೆಯುವವರ ಕಾರ್ಡಿನಲ್ಲಿ ಒಂದು ಕ್ಲಿಕ್ಕಿಗೆ ಎರಡು ಫೈಲು ಇರುವುದರಿಂದ ಒಟ್ಟು ಮೊತ್ತ ಹೇಳಿದರೆ ಕೌಂಟರಿನಲ್ಲಿ ವಾದ ಗ್ಯಾರಂಟಿ.