ಕಣ್ಣಿಗೆ ಕಾಂಡಕೋಶದ ಇಂಜೆಕ್ಷನ್ ಕೊಡುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ

ವಯಸ್ಸಾದವರ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ನಡುಭಾಗ ಸವೆಯುವ ಮ್ಯಾಕ್ಯುಲಾರ್ ಡಿಜನರೇಷನ್ ಕಾಯಿಲೆಗೆ ಅನುಮತಿ ಪಡೆದ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಚಿಕಿತ್ಸೆ ಯಾವುದೂ ಭಾರತದಲ್ಲಿಲ್ಲ. ಆದರೂ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿನವರು ನಮ್ಮ ತಂದೆಯವರಿಗೆ ಅದನ್ನು ಲಕ್ಷಾಂತರ ರೂಪಾಯಿಗೆ ಮಾರಿದರು. ಅವರ ಎಡಗಣ್ಣಿಗೆ ಈಗ ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಆ ಕ್ಲಿನಿಕ್ಕಿನಲ್ಲಿ ತುಮಕೂರು, ಹಾಸನಗಳಿಂದ ಬಂದು ಸರದಿಗಾಗಿ ಕಾಯುತ್ತಿದ್ದ ಹಿರಿಯರನ್ನು ಕಂಡಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿನ ಸಲಹೆಗಾರರು ಮೊದಲು ಒಂದು ಕಡತವನ್ನು ಮುಂದಿಟ್ಟರು. ಪ್ರೌಢ ಕೋಶಗಳನ್ನು ಮತ್ತೆ ಕಾಂಡಕೋಶದ ಸ್ಥಿತಿಗೆ ಒಯ್ಯಬಹುದೆಂದು ತೋರಿಸಿದ ಶಿನ್ಯಾ ಯಮನಾಕ ಅವರಿಗೆ 2012ರಲ್ಲಿ ನೊಬೆಲ್ ಬಂದ ಸುದ್ದಿ, 2014ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಅಂಥ ಕೋಶಗಳಿಂದ ಬೆಳೆಸಿದ ಪದರವನ್ನು ರೋಗಿಯೊಬ್ಬರ ಕಣ್ಣಿಗೆ ಕಸಿ ಮಾಡಿದ ಸುದ್ದಿ, ಮೊಣಕಾಲಿನ ಸಂಧಿವಾತಕ್ಕೆಂದು ಬೆಂಗಳೂರಿನ ಕಂಪನಿಯೊಂದರ ಕಾಂಡಕೋಶ ಔಷಧಕ್ಕೆ 2022ರಲ್ಲಿ ಅನುಮತಿ ದೊರೆತ ಸುದ್ದಿ, ಎಲ್ಲವೂ ಅದರಲ್ಲಿದ್ದವು. ಎಲ್ಲವೂ ನಿಜವೇ. ಆದರೆ ಅವುಗಳಲ್ಲಿ ಒಂದಕ್ಕೂ ಅವರು ನಮ್ಮ ತಂದೆಯವರ ಕಣ್ಣಿಗೆ ಮಾಡಹೊರಟಿದ್ದ ಕೆಲಸಕ್ಕೂ ಸಂಬಂಧವಿರಲಿಲ್ಲ.

ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡವು ರೋಗಿಯ ಚರ್ಮದ ಕೋಶಗಳನ್ನು ತಿಂಗಳುಗಟ್ಟಲೆ ಬೆಳೆಸಿ, ಅವು ರೆಟಿನಾದ ಕೋಶಗಳೇ ಆಗಿವೆಯೆಂದು ಪರೀಕ್ಷಿಸಿದ ಮೇಲಷ್ಟೇ ಕಸಿ ಮಾಡಿತ್ತು. ಅಲ್ಲಿಯೂ ಮೊದಲ ಉದ್ದೇಶ ದೃಷ್ಟಿಯನ್ನು ಮರಳಿಸುವುದಾಗಿರದೆ ವಿಧಾನ ಸುರಕ್ಷಿತವೇ ಎಂದು ತಿಳಿಯುವುದಾಗಿತ್ತು. ಎರಡನೆಯ ರೋಗಿಗೆಂದು ಸಿದ್ಧಪಡಿಸಿದ ಕೋಶಗಳಲ್ಲಿ ಜೀನು ವ್ಯತ್ಯಾಸಗಳು ಕಂಡಾಗ 2015ರಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ನಮ್ಮ ತಂದೆಯವರಿಗಾದರೋ ಬೆಳಿಗ್ಗೆ ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಬಂದ ದ್ರವವನ್ನು ಮಧ್ಯಾಹ್ನವೇ ಕಣ್ಣಿನೊಳಗೆ ಚುಚ್ಚಿದರು. ಕೊಬ್ಬಿನಿಂದ ಬಂದ ಆ ಮಿಶ್ರಣದಲ್ಲಿ ಯಾವ ಕೋಶ ಎಷ್ಟಿದೆ ಎಂಬುದನ್ನು ಪರೀಕ್ಷಿಸಿದ ಒಂದು ಚೀಟಿಯೂ ನಮ್ಮ ಕೈಗೆ ಬರಲಿಲ್ಲ.

ಕೆಲವೇ ದಿನಗಳಲ್ಲಿ ನೋವು ಹೆಚ್ಚಿ, ಕಣ್ಣಿಗೆ ಕಪ್ಪು ಪರದೆ ಇಳಿದಂತಾಯಿತು. ಕರೆ ಮಾಡಿದರೆ, ‘ಕೋಶಗಳು ಕೆಲಸ ಮಾಡ್ತಿವೆ ಸಾರ್, ಸ್ವಲ್ಪ ತಾಳ್ಕೊಳ್ಳಿ’ ಎಂಬ ಉತ್ತರ ಬಂತು. ಆ ತಾಳ್ಮೆಯ ಮಾತೇ ಅತ್ಯಂತ ಕ್ರೂರವಾದದ್ದು ಎಂದು ನನಗನ್ನಿಸುತ್ತದೆ, ಏಕೆಂದರೆ ಆಗಲೇ ಅವರ ರೆಟಿನಾ ಕಳಚಿಕೊಂಡಿತ್ತು, ಹಾಗಾದಾಗ ಒಂದೊಂದು ದಿನವೂ ಅಮೂಲ್ಯ. ಬೇರೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತಾದರೂ ದೃಷ್ಟಿ ಮರಳಲಿಲ್ಲ.

ಅಲ್ಲಿನ ರೆಟಿನಾ ತಜ್ಞರು, ಇದು ತಾವು ಓದಿ ಬಲ್ಲ ಅನಾಹುತವೇ ಎಂದು ವಿವರಿಸಿದರು. ಅಮೆರಿಕದ ಫ್ಲಾರಿಡಾದಲ್ಲಿ 72ರಿಂದ 88 ವರ್ಷದೊಳಗಿನ ಮೂವರು ಮಹಿಳೆಯರ ಎರಡೂ ಕಣ್ಣುಗಳಿಗೆ ಹೀಗೆಯೇ ಕೊಬ್ಬಿನ ಕೋಶಗಳನ್ನು ಚುಚ್ಚಿ ದೃಷ್ಟಿಗೆ ತೀವ್ರ ಹಾನಿ ಮಾಡಿದ ವರದಿ 2017ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಆ ಮಹಿಳೆಯರಿಂದಲೂ ತಲಾ 5000 ಡಾಲರ್ ಪಡೆಯಲಾಗಿತ್ತು. ಪ್ರಯೋಗಗಳನ್ನು ಪಟ್ಟಿ ಮಾಡುವ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಆ ಚಿಕಿತ್ಸೆಯ ಹೆಸರಿದ್ದುದರಿಂದ ಅದು ಅಧಿಕೃತ ಪ್ರಯೋಗವೆಂಬ ನಂಬಿಕೆ ಅಲ್ಲಿಯೂ ಹುಟ್ಟಿತ್ತು.

ನಮಗೂ ಭಾರತದ ಕ್ಲಿನಿಕಲ್ ಟ್ರಯಲ್ (ರೋಗಿಗಳ ಮೇಲೆ ನಡೆಸುವ ಪ್ರಯೋಗ) ನೋಂದಣಿ ಪಟ್ಟಿಯ ಒಂದು ಸಂಖ್ಯೆಯನ್ನು ತೋರಿಸಿದ್ದರು. ಆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚಿಕಿತ್ಸೆಗೆ ಅನುಮತಿ ಸಿಕ್ಕಂತಲ್ಲ. ಕ್ಲಿನಿಕ್ಕಿನ ಗೋಡೆಯ ಮೇಲೆ ತೂಗುವ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಮಾಣಪತ್ರವೂ ಕ್ಲಿನಿಕ್ ನಡೆಸಲು ಕೊಟ್ಟದ್ದೇ ಹೊರತು ಈ ಚಿಕಿತ್ಸೆಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಸ್ಥಾಪಿತ ಚಿಕಿತ್ಸೆಯನ್ನು ಬಿಟ್ಟರೆ ಉಳಿದ ಕಾಂಡಕೋಶ ಬಳಕೆಯೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು, ಜಾಹೀರಾತು ಕೊಡಕೂಡದು. ಆ ಬಳಿಕ ಅನುಮತಿ ಪಡೆದ ಔಷಧಗಳಿದ್ದರೂ ಮೊಣಕಾಲಿಗೆ ಸಿಕ್ಕ ಅನುಮತಿ ಕಣ್ಣಿಗೆ ಅನ್ವಯವಾಗುವುದಿಲ್ಲ. ಪ್ರಯೋಗವೆಂದು ಹೇಳುತ್ತಲೇ ನಿಮ್ಮಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಚಿಕಿತ್ಸೆಯೆಂದು ಹೇಳಿದರೆ, ನಿಮ್ಮ ಕಾಯಿಲೆಯ ಹೆಸರನ್ನೇ ನಮೂದಿಸಿರುವ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಪತ್ರದ ಪ್ರತಿಯನ್ನು ಕೇಳಿ, ಅದನ್ನು ನಿಮ್ಮ ಕಣ್ಣಿನ ವೈದ್ಯರಿಗೆ ತೋರಿಸಿ.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಜಿಲ್ಲಾ ಕೆಪಿಎಂಇ ಪ್ರಾಧಿಕಾರಕ್ಕೂ ನಾವು ದೂರು ಕೊಟ್ಟಿದ್ದೇವೆ. ಬಿಲ್ಲಿನಲ್ಲಿ ‘ಕಣ್ಣಿನ ಪ್ರಕ್ರಿಯೆ’ ಎಂದಷ್ಟೇ ಬರೆದಿರುವುದು ಈಗ ನಮಗೆ ದೊಡ್ಡ ತೊಡಕಾಗಿದೆ. ಇಂಥ ಇಂಜೆಕ್ಷನ್ ಈಗಾಗಲೇ ಪಡೆದವರು ಚುಚ್ಚಿದ್ದು ಏನು, ಯಾವ ದಿನ, ಯಾವ ಕಣ್ಣಿಗೆ ಎಂಬುದನ್ನು ವೈದ್ಯರ ಸಹಿಯೊಂದಿಗೆ ಇಂದೇ ಬರೆಸಿಕೊಳ್ಳಿ. ಕಣ್ಣಿನಲ್ಲಿ ಮಿಂಚು, ಪರದೆ ಅಥವಾ ನೋವು ಕಂಡರೆ ಅದೇ ಕ್ಲಿನಿಕ್ಕಿಗೆ ಫೋನು ಮಾಡುತ್ತ ಕೂರದೆ ನೇರವಾಗಿ ರೆಟಿನಾ ತಜ್ಞರಿರುವ ಆಸ್ಪತ್ರೆಗೆ ಹೋಗಿ.